ಮೂರು ಕೆಂಪಿನ ಝೆನ್

ನಮ್ಮದು 2003ರ ಕೆಂಪು ಮಾರುತಿ ಝೆನ್ ಕಾರು. ಕೆಂಪು ಅಂತ ಈಗ ಆರ್‌ಸಿ ಪುಸ್ತಕ ಮಾತ್ರ ಹೇಳುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನನ್ನ ಪಾಲಿನ ಪಾರ್ಕಿಂಗಿಗೆ ತಗಡಿನ ಶೀಟು ಉಂಟು. ಆದರೆ ಅದು ಕಾರಿನ ಮುಂದಿನ ಗಾಜಿನವರೆಗೆ ಬಂದು ನಿಂತುಬಿಡುತ್ತದೆ. ಬಾನೆಟ್ಟು ಇಷ್ಟು ವರ್ಷ ಬಿಸಿಲಲ್ಲೇ. ಅದು ಪೇರಳೆ ತಿರುಳಿನ ಬಣ್ಣಕ್ಕೆ ತಿರುಗಿತ್ತು. ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ. ಡಿಕ್ಕಿ ಇನ್ನೂ ಕೆಂಪು. ಎಡಬಾಗಿಲಂತೂ ಫಳಫಳ. ಫಡ್ಕೆ ರೋಡಿನಲ್ಲಿ ರಿಕ್ಷಾ ಒಂದು ಉಜ್ಜಿಕೊಂಡು ಹೋದ ಮೇಲೆ ಅದೊಂದಕ್ಕೇ ಬಣ್ಣ ಹೊಡೆಸಿದ್ದೆ.

"ಮೂರು ಗಾಡಿ ಸೇರಿಸಿ ಒಂದು ಮಾಡಿದ್ದಾ ಅಂಕಲ್?" ಪಕ್ಕದ ಮನೆ ಹುಡುಗ ಕೇಳಿದ.

ಒಂದು ಗ್ಯಾರೇಜಿನವರು ಪೂರ್ತಿ ಪೇಂಟ್ ಮಾಡಿಸಿ ಅಂದರು. ಅವರು ಹೇಳಿದ ದುಡ್ಡಿಗೆ ಈ ಗಾಡಿಯನ್ನೇ ಯಾರೂ ಕೊಳ್ಳುವುದಿಲ್ಲ.

ಕೊನೆಗೆ ಕಲ್ಯಾಣ್-ಶೀಳ್ ರೋಡಿನಲ್ಲಿ ಇಂಡಿ ಕಡೆಯ ಹುಡುಗನೊಬ್ಬ ಸಿಕ್ಕ. ನನ್ನ ಹಿಂದಿ ಕೇಳಿಯೇ "ಕನ್ನಡದವರೇನ್ರಿ?" ಅಂದ. ಹಳೇ ಬನಿಯನ್ ಚೂರಿಗೆ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಚ್ಚಿ, ಬಾನೆಟ್ಟಿನ ಮೇಲೆ ಅಂಗೈಯಷ್ಟು ಜಾಗ ತಿಕ್ಕಿದ. ಬಟ್ಟೆ ಕುಂಕುಮದ ಹಾಗಾಯಿತು. ನನ್ನ ಎದೆ ಧಸಕ್ಕೆಂದಿತು.

"ಹೆದರಬ್ಯಾಡ್ರಿ ಸರ. ಮ್ಯಾಲೆ ಲ್ಯಾಕರ್ ಇದ್ದಿದ್ರ ಬಟ್ಟಿಗೆ ಬಣ್ಣ ಹತ್ತತಿರಲಿಲ್ಲ. ಇದು ಸತ್ತ ಬಣ್ಣ. ಕೆಳಗ ಜೀವ ಐತಿ."

ಹೊಸ ಗಾಡಿಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಬಿಸಿಲಿಗೆ ಅದು ಸುಲಿದರೆ ಪಾಲಿಶ್ ಯಾವ ಕೆಲಸಕ್ಕೂ ಬರುವುದಿಲ್ಲ, ಮತ್ತೆ ಬಣ್ಣವೇ ಗತಿ. ನನ್ನದರಲ್ಲಿ ಅದಿಲ್ಲದ್ದೇ ಒಳ್ಳೆಯದಾಯಿತು. ಹಾಗಂತ ಸುಮ್ನೆ ತಿಕ್ಕುತ್ತಾ ಹೋಗುವಂತಿಲ್ಲ. ಪ್ರೈಮರ್ ಸೇರಿ ಎಲ್ಲ ಪದರವೂ ಕೂಡಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ. ಅಂಚುಗಳಲ್ಲಿ ಇನ್ನೂ ತೆಳು. ಅದಕ್ಕೇ ಅವನು ಮೊದಲು ಅಂಚಿಗೆಲ್ಲ ಟೇಪ್ ಅಂಟಿಸಿದ. ಕೆಂಪೇ ಯಾಕೆ ಹೀಗೆ ಮಾಸುತ್ತದೆ ಅಂದರೆ, ಅದು ಬಿಸಿಲಿನ ನೀಲಿ ಬೆಳಕನ್ನು ನುಂಗಿಕೊಳ್ಳುವ ಬಣ್ಣ. ಜೋರು ಇರುವುದು ಆ ಬೆಳಕಿಗೇ.

ಬಾನೆಟ್ಟಿನ ಮೇಲೆ ಹೆಂಡತಿ ಅಂಟಿಸಿದ್ದ 'ಶ್ರೀ' ಸ್ಟಿಕ್ಕರ್ ಇತ್ತು. ಹೇರ್ ಡ್ರೈಯರ್ ಬಿಸಿ ಕೊಟ್ಟು ಕಿತ್ತಾಗ ಕೆಳಗೆ ಶೋರೂಮಿನ ಕೆಂಪು, ಅಕ್ಷರದ ಆಕಾರದಲ್ಲೇ. ಸಂಜೆಯ ಹೊತ್ತಿಗೆ ವ್ಯಾಕ್ಸ್ ಆಗಿ ಬಾನೆಟ್ಟು ಮಿಂಚುತ್ತಿತ್ತು. ಆದರೂ ಓರೆಯಾಗಿ ನೋಡಿದರೆ 'ಶ್ರೀ' ಒಂದು ಗೀರು ಜಾಸ್ತಿ ಕೆಂಪು.

"ಇನ್ನೊಂದ್ಸಲ ತಿಕ್ಕಲೇನ್ರಿ?"

"ಬೇಡ ಮಾರಾಯ, ಇದ್ದ ಬಣ್ಣವಾದರೂ ಉಳಿಯಲಿ."

ಮನೆಗೆ ಬಂದರೆ ಹೆಂಡತಿಯ ಮೊದಲ ಪ್ರಶ್ನೆ, ಸ್ಟಿಕ್ಕರ್ ಎಲ್ಲಿ? ಬೆರಳಿಟ್ಟು ತೋರಿಸಿದೆ. ಬಗ್ಗಿ ನೋಡಿ, "ಹಾಗಾದ್ರೆ ಬೇರೆ ತರೋದು ಬೇಡ" ಅಂದಳು.

ಎಡಬಾಗಿಲು ಈಗಲೂ ಬೇರೆಯೇ ಕಾಣುತ್ತದೆ. ಗಾಡಿಯನ್ನು ಮಾತ್ರ ಮೂತಿ ಒಳಗೆ ಮಾಡಿ ನಿಲ್ಲಿಸುತ್ತಿದ್ದೇನೆ. ಡಿಕ್ಕಿಯೂ ಸ್ವಲ್ಪ ಬಿಸಿಲು ತಿನ್ನಲಿ, ಅಲ್ವಾ?