ಮಾವ, ಈ ನೀರು ಕುಡೀಲಾ?

ಮೂರು ದಿನ ಆಯಿತು, ಆ ಪ್ರಶ್ನೆ ಕಿವಿ ಬಿಟ್ಟು ಹೋಗುತ್ತಿಲ್ಲ.

ದಸರಾ ರಜೆಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಎಂಟು ವರ್ಷ. ಬೆಳಿಗ್ಗೆ ನನ್ನ ಬಾಲ ಹಿಡಿದು ರಬ್ಬರ್ ಶೆಡ್ಡಿಗೂ ಬಂದ. ನಾನು ರಬ್ಬರ್ ಹಾಲು ಸೋಸಿ ಡಿಶ್‌ಗೆ ಹಾಕುತ್ತಿದ್ದೆ. "ಮಾವ, ಈ ನೀರು ಕುಡೀಲಾ?" ತಿರುಗಿ ನೋಡಿದರೆ ಕಟ್ಟೆ ಮೇಲಿದ್ದ ಲೀಟರಿನ ಬಾಟಲಿ ಅವನ ಕೈಯಲ್ಲಿ, ಮುಚ್ಚಳ ಅರ್ಧ ತಿರುಗಿದೆ. ಮೇಲೆ ಕುಡಿಯುವ ನೀರಿನ ಲೇಬಲ್, ಒಳಗೆ ಶೇ. 85ರ ಫಾರ್ಮಿಕ್ ಆಸಿಡ್. ಅದನ್ನು ಅಲ್ಲಿಟ್ಟವನು ಬೇರೆ ಯಾರೂ ಅಲ್ಲ, ನಾನೇ.

ಕಿರುಚಿದೆ. ಹೆದರಿ ಇಡುವಾಗ ಅವನ ಮುಂಗೈ ಮೇಲೆ ಎರಡು ಹನಿ ಬಿತ್ತು. ನಲ್ಲಿ ಕೆಳಗೆ ಕೈ ಹಿಡಿಸಿ ಇಪ್ಪತ್ತು ನಿಮಿಷ ನೀರು ಬಿಟ್ಟೆ. ಭಾವ ತೆಂಗಿನೆಣ್ಣೆ ಹಿಡಿದು ಓಡಿ ಬಂದರು, ಪಕ್ಕದ ಮನೆಯವರು ಟೂತ್‌ಪೇಸ್ಟ್ ಅಂದರು. ಇಂಥ ಹೊತ್ತಲ್ಲಿ ನಮ್ಮಲ್ಲಿ ಎಲ್ಲರೂ ಡಾಕ್ಟರೇ. ಹರಿಯುವ ನೀರು ಬಿಟ್ಟು ಬೇರೇನೂ ಬೇಡ ಅಂತ ನಾನು ಜಗಳವನ್ನೇ ಆಡಬೇಕಾಯಿತು. ಕೊನೆಗೆ ಕಡಲೆ ಗಾತ್ರದ ಒಂದು ಬೊಬ್ಬೆ. ಡಾಕ್ಟರು ನೋಡಿ ಮುಲಾಮು ಕೊಟ್ಟರು. ಕಣ್ಣಿಗೆ ಹಾರಿದ್ದರೆ, ಗಂಟಲಿಗೆ ಇಳಿದಿದ್ದರೆ... ಕುಡಿದವರಿಗೆ ವಾಂತಿ ಮಾಡಿಸಲೂ ಬಾರದು, ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ.

"ಎಂತ ಆಗಿಲ್ಲ ಅಲ್ವಾ ಮಾರಾಯ, ಬಿಡು" ಅಂದರು ಭಾವ. ಒಳ್ಳೆಯವರು, ಆದರೆ ಈ "ಬಿಡು" ಕೇಳಿ ಕೇಳಿ ಸಾಕಾಗಿದೆ.

ಸುಳ್ಯ, ಪುತ್ತೂರು ಕಡೆ ರಬ್ಬರ್ ಇರುವ ಮನೆಯಲ್ಲಿ ಈ ಆಸಿಡ್ ಉಪ್ಪಿನಷ್ಟೇ ಮಾಮೂಲು. ಹಾಲಿಗೆ ಹುಳಿ ಹಿಂಡಿದರೆ ಒಡೆಯುತ್ತದಲ್ಲ, ರಬ್ಬರ್ ಹಾಲೂ ಹಾಗೇ ಗಟ್ಟಿಯಾಗಬೇಕು, ಆಗಲೇ ಶೀಟ್. ಬಳಸುವಾಗ ಅದು ನೀರಿನಲ್ಲಿ ಶೇ. 1ರಷ್ಟೂ ಇರುವುದಿಲ್ಲ. ಆ ತೆಳು ನೀರಿನಲ್ಲಿ ದಿನಾ ಕೈ ಅದ್ದಿ ಅದ್ದಿ, ಬಾಟಲಿಯಲ್ಲಿರುವ ಗಟ್ಟಿ ಆಸಿಡ್‌ನ ಭಯವೂ ತೆಳುವಾಗಿಬಿಟ್ಟಿದೆ. ನಮ್ಮ ಟ್ಯಾಪರ್, ಅಂದರೆ ಮರ ಕೆತ್ತಿ ಹಾಲು ಇಳಿಸುವವರು, ಶ್ರೀಲಂಕಾದಿಂದ ವಾಪಸ್ ಬಂದವರಿಗೆಂದೇ ಇಲ್ಲಿ ಮಾಡಿದ ರಬ್ಬರ್ ತೋಟದಲ್ಲಿ ಬೆಳೆದವರು, ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಗ್ಲೌಸ್, ಕನ್ನಡಕ ಅಂದರೆ ನಗುತ್ತಾರೆ. ಅವರ ಮೊಣಕೈವರೆಗೂ ಬಿಳಿ ಕಲೆಗಳಿವೆ.

ಮಲೆನಾಡಿನಲ್ಲಿ ಚಟ್ನಿ ಮಾಡಿ ತಿನ್ನುವ ಚಗಳಿ ಇರುವೆಯ ಹುಳಿಯೂ ಇದೇ. ಫಾರ್ಮಿಕ್ ಅನ್ನುವ ಹೆಸರು ಬಂದಿದ್ದೇ ಇರುವೆಯ ಲ್ಯಾಟಿನ್ ಪದದಿಂದ. ಚರ್ಮ ಹದ ಮಾಡಲು, ಬಟ್ಟೆಗೆ ಬಣ್ಣ ಹಾಕಲು, ದನದ ಹಸಿ ಮೇವು ಕೆಡದಂತೆ ಇಡಲು ಎಲ್ಲದಕ್ಕೂ ಬೇಕು. ಕಳ್ಳಭಟ್ಟಿ ಕುಡಿದು ಕಣ್ಣು ಕಳಕೊಳ್ಳುತ್ತಾರಲ್ಲ, ಅದರಲ್ಲಿ ಬೆರೆತ ಮೆಥನಾಲ್ ಹೊಟ್ಟೆಗೆ ಹೋದ ಮೇಲೆ ಮೈಯೊಳಗೇ ಫಾರ್ಮಿಕ್ ಆಸಿಡ್ ಆಗಿ ಹಾಗೆ ಮಾಡುವುದು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನೀರಿನ ಬಾಟಲಿಯಲ್ಲಿ ಇಟ್ಟಿದ್ದೆ. ನೋಡಲು ಥೇಟ್ ನೀರು. ತೂಕ ಮಾತ್ರ ಲೀಟರಿಗೆ 1.2 ಕೆ.ಜಿ., ಆದರೆ ಬಾಯಾರಿದ ಹುಡುಗ ತೂಕ ನೋಡುತ್ತಾನಾ?

ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ. ಅವನು ಕೇಳಿದ. ಬೇರೆಯವರ ಜಾಗದಲ್ಲಿ ಕೇಳದೆ ಏನನ್ನೂ ಮುಟ್ಟಬೇಡ ಅಂತ ಅಕ್ಕ ಅವನಿಗೆ ಹೇಳಿ ಹೇಳಿ, ಕೆಲವೊಮ್ಮೆ ಜಾಸ್ತಿಯೇ ಆಯಿತು ಅಂತ ನಾನೇ ಅವಳನ್ನು ಗೇಲಿ ಮಾಡುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ಅವತ್ತು ಇದ್ದ ಸುರಕ್ಷತೆ ಅಂದರೆ ಅದೊಂದೇ.

ನಿನ್ನೆ ಪೇಟೆಗೆ ಹೋಗಿ ಬೀಗ, ಗ್ಲೌಸ್, ಕನ್ನಡಕ ತಂದೆ. ಆಸಿಡ್‌ಗೆ ಕಂಪನಿಯ ಕ್ಯಾನೇ ಬೇಕು ಅಂದೆ. ಅದರ ಮುಚ್ಚಳದಲ್ಲಿ ಗ್ಯಾಸ್ ಹೊರಹೋಗಲು ದಾರಿ ಇರುತ್ತದೆ, ಗಟ್ಟಿ ಆಸಿಡ್ ಕೂತಲ್ಲೇ ನಿಧಾನಕ್ಕೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದಂತ. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿ, 35 ಕೆ.ಜಿ.ಯದ್ದು ಎಂತಕ್ಕೆ ಅಂದ. ಅಷ್ಟರಲ್ಲಿ ಹಿಂದಿದ್ದವರು ಒಂದು ಲೀಟರ್ ಆಸಿಡ್ ಕೇಳಿದರು.

"ಬಾಟ್ಲಿ ತಂದಿದ್ದೀರಾ?" ಅಂತ ಕೇಳುತ್ತಲೇ ಅವನು ಮೇಜಿನ ಅಡಿಯಿಂದ ನೀರಿನ ಖಾಲಿ ಬಾಟಲಿ ಎಳೆದ.