ಚರ್ಚಿನ ಚಾನ್ಸೆಲ್ ಸೊಟ್ಟಗಿರುವುದು ಕ್ರಿಸ್ತನ ಬಾಗಿದ ತಲೆಯೇ?

ಇಂಗ್ಲೆಂಡಿನ ಹಳೆಯ ಚರ್ಚುಗಳನ್ನು ನೋಡಿ ಬಂದವರು ಕೇಳುವ ಪ್ರಶ್ನೆ ಇದು. ಪೂಜೆಯ ಪೀಠವಿರುವ ಪೂರ್ವದ ಭಾಗ ಚಾನ್ಸೆಲ್, ಜನ ಕೂರುವುದು ನೇವ್. ಕೆಲವೆಡೆ ಇವೆರಡೂ ಒಂದೇ ನೇರಕ್ಕಿಲ್ಲ. ಶಿಲುಬೆಯ ಮೇಲೆ ಕ್ರಿಸ್ತನ ತಲೆ ವಾಲಿದ್ದರ ಸಂಕೇತ ಅದು ಅನ್ನುತ್ತಾರೆ ಗೈಡುಗಳು.

ಅಲ್ಲ ಅನ್ನುವುದು ನನ್ನ ಉತ್ತರ. ಆದರೆ ಇಂಥ ಓದು ಎಲ್ಲಿಂದ ಬಂತು ಅನ್ನುವುದು ಸ್ವಾರಸ್ಯದ ವಿಷಯ.

ಕಲ್ಲುಕಲ್ಲಿನಲ್ಲೂ ಅರ್ಥ ಹುಡುಕುವ ಹುಚ್ಚನ್ನು ವಿಕ್ಟೋರಿಯಾ ಕಾಲದವರಿಗೆ ಹಿಡಿಸಿದವರಲ್ಲಿ ಪಾದ್ರಿ ಜಾನ್ ಮೇಸನ್ ನೀಲ್ (1818–1866) ಮುಖ್ಯರು. 1839ರಲ್ಲಿ, ಇನ್ನೂ ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದಾಗಲೇ, ಗೆಳೆಯ ಬೆಂಜಮಿನ್ ವೆಬ್ ಜೊತೆ, ಹಳೆಯ ಚರ್ಚು ಕಟ್ಟಡಗಳ ಅಧ್ಯಯನಕ್ಕೆಂದು ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿ ಹುಟ್ಟುಹಾಕಿದರು. 1843ರಲ್ಲಿ ಇಬ್ಬರೂ ಸೇರಿ 13ನೇ ಶತಮಾನದ ಫ್ರೆಂಚ್ ಬಿಷಪ್ ದುರಾಂದುಸ್‌ನ, ಚರ್ಚಿನ ಕಟ್ಟಡ ಮತ್ತು ಪೂಜೆಯ ಗೂಢಾರ್ಥ ಬಿಡಿಸುವ ಲ್ಯಾಟಿನ್ ಗ್ರಂಥದ ಮೊದಲ ಭಾಗವನ್ನು ಇಂಗ್ಲಿಷಿಗೆ ತಂದರು.

ದುರಾಂದುಸ್‌ಗೆ ಗಾರೆಯೂ ಬರೀ ಗಾರೆಯಲ್ಲ. ಸುಣ್ಣ ಅಂದರೆ ಉತ್ಕಟ ಪ್ರೀತಿ, ಮರಳು ಲೋಕದ ಕೆಲಸ, ಎರಡನ್ನೂ ಬೆಸೆಯುವ ನೀರು ಪವಿತ್ರಾತ್ಮ. ಗೋಪುರದ ತುದಿಯ ಹುಂಜ ಬೋಧಕ. ಕಿಟಕಿ ಹೊರಗೆ ಕಿರಿದಾಗಿ ಒಳಗೆ ಅಗಲವಾಗಿರುವುದೇಕೆ? ಅಕ್ಷರಾರ್ಥಕ್ಕಿಂತ ಗೂಢಾರ್ಥ ವಿಶಾಲವಾದ್ದರಿಂದ! ಗಾರೆ ಕೆಲಸದವನನ್ನು ಕೇಳಿದರೆ ಬೇರೆಯೇ ಹೇಳಿಯಾನು: ಗೋಡೆ ದಪ್ಪ, ತೆರಪು ಸಣ್ಣದು, ಒಳಬದಿಯನ್ನು ಓರೆಯಾಗಿ ಕಡಿಯದಿದ್ದರೆ ಬೆಳಕು ಹರಡದು. ಕೋಟೆಯ ಬಾಣದ ಕಿಂಡಿಯೂ ಹಾಗೆಯೇ ಇರುತ್ತದೆ. ಅನುಕೂಲಕ್ಕೆ ಮಾಡಿದ್ದಕ್ಕೆ ಆಮೇಲೆ ಅರ್ಥ ಕೂಡಿಬಂತು, ಅದರಲ್ಲಿ ತಪ್ಪೇನಿಲ್ಲ.

ಸೊಟ್ಟ ಚಾನ್ಸೆಲ್‌ಗೆ ಆ ರಿಯಾಯಿತಿಯೂ ಸಲ್ಲದು. ದುರಾಂದುಸ್ ಅದರ ಮಾತೇ ಎತ್ತುವುದಿಲ್ಲ. ಇನ್ನು ದಿಕ್ಕು ನೋಡಿ. ಶಿಲುಬೆಯ ಚಿತ್ರಗಳಲ್ಲಿ ತಲೆ ಸಾಮಾನ್ಯವಾಗಿ ಕ್ರಿಸ್ತನ ಬಲಕ್ಕೆ ಬಾಗಿರುತ್ತದೆ. ಆ ದೇಹವನ್ನು ತಲೆ ಪೂರ್ವಕ್ಕಿಟ್ಟು ಅಂಗಾತ ಮಲಗಿಸಿದರೆ ಬಲಗೈ ಉತ್ತರಕ್ಕೆ ಬರಬೇಕು. ಆದರೆ ಚಾನ್ಸೆಲ್‌ಗಳು ದಕ್ಷಿಣಕ್ಕೂ ವಾಲಿವೆ. ನಿಜವಾದ ಕಾರಣ ಹೆಚ್ಚಾಗಿ ಅಳತೆಯದು: ಹಳೆಯ ಭಾಗವನ್ನು ಬಳಕೆಯಲ್ಲಿಟ್ಟುಕೊಂಡೇ ಹೊಸದನ್ನು ಕಟ್ಟುವಾಗ ನಡುವೆ ಗೋಡೆ ಅಡ್ಡ, ಉದ್ದಕ್ಕೂ ಒಂದೇ ದಾರ ಹಿಡಿಯಲಾಗದು. ಎರಡೂ ಭಾಗ ಕೂಡುವಲ್ಲಿ ಕಲ್ಲಿನ ವರಸೆ, ಗಾರೆಯ ಬಣ್ಣ ಬದಲಾಗಿದೆಯೇ ಎಂದು ಮೊದಲು ನೋಡಿ.

ಸೊಸೈಟಿಯವರು ಅರ್ಥ ಹೇಳಿ ಸುಮ್ಮನಾಗಲಿಲ್ಲ, ಕಟ್ಟಡಗಳನ್ನೇ ತಿದ್ದಹೊರಟರು. ಕೇಂಬ್ರಿಜ್‌ನ ದುಂಡು ಚರ್ಚಿನ ಜೀರ್ಣೋದ್ಧಾರದಲ್ಲಿ ಕಲ್ಲಿನ ಪೀಠ ಕೂರಿಸಿದ್ದಕ್ಕೆ ಅಲ್ಲಿನ ಪಾದ್ರಿಯೇ ತಕರಾರು ತೆಗೆದರು. ಚರ್ಚಿನ ಕಾನೂನು ಹೇಳುವುದು ಮರದ, ಕದಲಿಸಬಹುದಾದ ಮೇಜನ್ನು ಎಂದು 1845ರಲ್ಲಿ ತೀರ್ಪಾಯಿತು.