ಗಂಟೆ ಚಡ್ಡಿ

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನ ಏಳು ವರ್ಷದ ಮಗ ಚಡ್ಡಿಯೊಂದನ್ನು ಎತ್ತಿ ಹಿಡಿದು ಕುಷ್ಟಗಿಯ ಅಜ್ಜಿಗೆ ತೋರಿಸಿದ. "ಅಜ್ಜಿ, ಇದು ಗಂಟೆ ಚಡ್ಡಿ. ಉಚ್ಚೆ ಬಂದ್ರೆ ಹೊಡ್ಕೊಳ್ಳತ್ತೆ. ಇನ್ಶೂರೆನ್ಸ್‌ನವರು ಕೊಟ್ಟಿದ್ದು!" ಫೋನ್ ಕಸಿದುಕೊಳ್ಳೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು.

ನಾವಿರುವ ಜರ್ಮನಿಯಲ್ಲಿ ಇದರ ಹೆಸರೇ ಕ್ಲಿಂಗೆಲ್‌ಹೋಸೆ, ಗಂಟೆ ಚಡ್ಡಿ. ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಕ್ಕಳಿಗೆ ಹಾಕುವುದು. ಸ್ವಲ್ಪ ಒದ್ದೆಯಾದರೂ ಸಾಕು, ಕಿರುಚುತ್ತದೆ. ಮಗನಿಗೆ ಎಚ್ಚರವಾಗುವುದಿಲ್ಲ, ನಮಗಾಗುತ್ತದೆ. ಅವನನ್ನು ಎಬ್ಬಿಸಿ ಟಾಯ್ಲೆಟ್‌ಗೆ ನಡೆಸಬೇಕು. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಮೂತ್ರಕೋಶ ತುಂಬಿದ್ದು ನಿದ್ದೆಯಲ್ಲೂ ಗೊತ್ತಾಗತೊಡಗುತ್ತದಂತೆ. ಡಾಕ್ಟರ್ ಚೀಟಿ ಕೊಟ್ಟರೆ ಇಲ್ಲಿನ ಸರ್ಕಾರಿ ನಿಯಮದ ವಿಮೆ ಇದರ ಖರ್ಚು ಕೊಡುತ್ತದೆ. 18ರ ಒಳಗಿನವರಿಗೆ ಕೈಯಿಂದ ಕಟ್ಟುವ ಪಾಲೂ ಇಲ್ಲ. ಊರಲ್ಲಿ ಅವ್ವನಿಗೆ ಮಾಡಿಸಿದ ಪಾಲಿಸಿ ಇದೆಯಲ್ಲ, ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ ಬಾಯಿ ಬಿಡುತ್ತದೆ.

ಚೀಟಿ ಸುಮ್ನೆ ಸಿಗಲಿಲ್ಲ. ಎರಡು ವಾರ ಯಾವ ರಾತ್ರಿ ಒದ್ದೆ, ಯಾವ ರಾತ್ರಿ ಒಣ ಅಂತ ಬರೆದೆವು. ಎರಡು ದಿನ ಕುಡಿದ ನೀರು, ಹೊಯ್ದ ಉಚ್ಚೆ ಎರಡನ್ನೂ ಅಳೆದೆವು. ಅಡುಗೆಮನೆಯ ಅಳತೆ ಲೋಟ ಅದಕ್ಕೇ ಹೋಯಿತು, ಹೆಂಡತಿಯ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ಒಂದು ಪ್ರಶ್ನೆ: ಚಿಕ್ಕವರಿದ್ದಾಗ ತಂದೆಗೋ ತಾಯಿಗೋ ಇದಿತ್ತೇ? ಮನೆತನದಲ್ಲಿ ಬರುವುದು ಜಾಸ್ತಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನಾನು 'ಇಲ್ಲ' ಅಂತ ಬರೆದೆ.

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಬೆಳಿಗ್ಗೆ ಉಳಿದವರ ಹಾಸಿಗೆ ಮಡಚಿ ಕೆಳಗೆ ಹೋಗುತ್ತಿದ್ದವು. ನನ್ನ ಕೌದಿ ಮಾತ್ರ ಕುಂಬಿಯ ಮೇಲೆ ಬಿಸಿಲಿಗೆ. ದೊಡ್ಡ ನಕಾಶೆ ಅದರ ಮೇಲೆ. "ರಾತ್ರಿ ಮಳಿ ಬಂದಿತ್ತೇನಲೇ?" ಅಂತ ದೊಡ್ಡಪ್ಪ ಕೇಳುತ್ತಿದ್ದ. ಇದಕ್ಕೆ ಮದ್ದು ಅಂತ ಅವ್ವ ದಿನಾ ಎಳ್ಳುಂಡೆ ತಿನ್ನಿಸುತ್ತಿದ್ದಳು. ಅದೊಂದೇ ಲಾಭ. ನೆಂಟರ ಮದುವೆಗೆ ಹೋದರೆ ನಿದ್ದೆ ಬರಬಾರದು ಅಂತ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಆರನೇ ಕ್ಲಾಸಿನವರೆಗೂ.

ಫೋನಿನಲ್ಲಿ ಅವ್ವ ನಕ್ಕಳು. "ನಿಮ್ಮಪ್ಪಗ ಗಂಟಿ ಬೇಕಾಗಿದ್ದಿಲ್ಲಪಾ. ಓಣಿಗೆ ಓಣಿನ ಗಂಟಿ ಬಾರಿಸ್ತಿತ್ತು."

ಮಗ ನನ್ನ ಕಡೆ ತಿರುಗಿದ. ಮುಖದಲ್ಲಿ ನಗು ಇರಲಿಲ್ಲ. "ಅಪ್ಪ, ನಿಂಗೂನಾ? ಮತ್ತೆ ನಿಂಗ್ಯಾಕೆ ಯಾರೂ ಚಡ್ಡಿ ಕೊಡ್ಲಿಲ್ಲ?"

ಅವತ್ತು ರಾತ್ರಿ ಎರಡೂಕಾಲರ ಹೊತ್ತಿಗೆ ಗಂಟೆ ಹೊಡೆಯಿತು. ಇವನಿಗೆ ಗೊರಕೆ. ನಾನು ಎದ್ದೆ.